6 ಸೆಕೆಂಡಿನ ಕೆಲಸಕ್ಕ 10 ಬಂಗಾರದ ನಾಣ್ಯ ಯಾಕ ಅಂತೀರಿ?

ಮಂತ್ರ ಹಾಕಾಕಿಗೆ ಕೂಲಿ ಕೊಡಬೇಕು. ಪೂರಾ ಕೊಡಬೇಕು, ಮೊದಲ ಮಾತಾಡಿ ಕೊಡಬೇಕು. ಇದು ನನ್ನ ಮಾತು. ಇದರ ಸಂಬಂಧ ನಮ್ಮನಿಯಾಗ ಮೂರು ರವಿವಾರದಿಂದ ವಾದ ನಡದದ.

ಯಾವ ಮಂತ್ರ, ಯಾರ ಕೂಲಿ ಅಂತ ಹುಬ್ಬು ಏರಸಬ್ಯಾಡ್ರಿ ವೈನಿ, ಹೇಳ್ತೇನಿ. ಡಂಜನ್ಸ್ ಅಂಡ್ ಡ್ರಾಗನ್ಸ್ ಅಂತ ಒಂದು ಆಟ ಅದ. ಅಮೆರಿಕಾದಾಗ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು 1974ರಾಗ ಹೊರಗ ತಂದದ್ದು. ದಾಳ ಉರುಳಸ್ತಾರ, ಆದ್ರ ಪಗಡಿ ಅಲ್ಲ. ಒಬ್ಬಾಂವ ಕತಿ ನಡಸಾಂವ, ಅವಗ ಡಂಜನ್ ಮಾಸ್ಟರ್ ಅಂತಾರ. ಉಳದವರು ಒಬ್ಬೊಬ್ಬರು ಒಂದೊಂದು ಪಾತ್ರ ಹಿಡೀತಾರ, ಕತ್ತಿಯಾಂವ, ಕಳ್ಳ, ಮಂತ್ರವಾದಿ ಹಿಂಗ. ಗವಿಯೊಳಗ ಹೊಕ್ಕು ರಾಕ್ಷಸರನ್ನ ಬಡದು ಬಂಗಾರ ಹೊತ್ಕೊಂಡು ಬರ್ತಾರ. ನಮ್ಮ ಪಡಸಾಲ್ಯಾಗ ಮಗಾ ಮತ್ತ ಅವನ ಗೆಳ್ಯಾರು ಆಡೂದು ಇದನ್ನ. ಚಹಾ-ಅವಲಕ್ಕಿ ಹೆಂಗೂ ನಂದ, ಈಗ ಬಂಗಾರದ ಲೆಕ್ಕದ ವಹಿನೂ ನನಗ ಒಪ್ಪಿಸ್ಯಾರ.

ವಾದ ಎಲ್ಲಿ ಹತ್ತಿತು ಅಂದ್ರ, ಇವರ ಗುಂಪಿನಾಗ ಗಾಯ ಮಾಯಿಸಾವರು ಯಾರೂ ಇಲ್ಲ. ಒಂದು ಹಳ್ಳಿಯೊಳಗ ಕ್ಲೆರಿಕ್ ಮುದುಕಿ ಇದ್ದಾಳ. ಕ್ಲೆರಿಕ್ ಅಂದ್ರ ದೇವರ ಸೇವಾ ಮಾಡಿ ಮಂತ್ರಶಕ್ತಿ ಪಡದಾಕಿ. ಆಕಿ ಹಂತ್ಯಾಕ ಗಾಯದ ಮಂತ್ರ ಹಾಕಸ್ಕೊಳ್ಳಿಕ್ಕೆ ಹೋದರು. ಒಬ್ಬಾಂವ ಅಂದ, "ಮಂತ್ರ ಹಾಕೂದು 6 ಸೆಕೆಂಡಿನ ಕೆಲಸ, ಅದಕ್ಕ 10 ಬಂಗಾರ ಅಂದ್ರ ಸುಲಗಿ." ಕತಿ ನಡಸೂ ನನ್ನ ಮಗಾ ಅಂದ, "ಆಕಿ ಭಾಳ ಒಳ್ಳೆಯಾಕಿ, ರೊಕ್ಕ ಏನೂ ತೊಗೊಳ್ಳೂದಿಲ್ಲ ಬಿಡ್ರಿ."

ಎರಡೂ ಮಾತು ನಾವು ಎಲ್ಲೆ ಕೇಳೇವಿ ಹೇಳ್ರಿ? ಜಂಪರ ಹೊಲಿಯಾಕಿಗೆ, "ಎರಡ ಹೊಲಿಗಿ ಹಾಕೂದು ಅಷ್ಟ, ಇಷ್ಟ್ಯಾಕ?" ಶೇಂಗಾ ಹೋಳಗಿ ಮಾಡಿ ಕೊಡಾಕಿಗೆ, "ಅಯ್ಯ, ನಮ್ಮಾಕಿ, ಆಕಿಗೇನ್ ರೊಕ್ಕ ಕೊಡೂದು?" ಒಳ್ಳೆಯಾಕಿ ಅಂದ್ರ ಪುಗಸಟ್ಟೆ ಮಾಡಾಕಿ ಅಂತ ಯಾರು ಬರದಿಟ್ಟಾರ?

6 ಸೆಕೆಂಡಿನ ಮಾತಿಗೆ ಬರೂಣು. ಆಟದಾಗ ಒಂದು ಸರದಿ ಅಂದ್ರ 6 ಸೆಕೆಂಡು, ಅದು ಖರೆ. ಆದ್ರ ಅದ ಪುಸ್ತಕದಾಗ ಇನ್ನೊಂದು ಮಾತು ಅದ. ಒಂದನೇ ಮಟ್ಟದ ಕ್ಲೆರಿಕ್ಕಿಗೆ ಸಣ್ಣ-ಪುಟ್ಟ ಮಂತ್ರ ಬಿಟ್ರ ದಿನಕ್ಕ ಎರಡ ಮಂತ್ರದ ತಾಕತ್ತು. ಎರಡೂ ಖರ್ಚಾದ್ರ 8 ತಾಸಿನ ಪೂರಾ ವಿಶ್ರಾಂತಿ ಆಗೂತನಕ ಕೈ ಬರಿದ. ಮಧ್ಯಾಹ್ನ ನಿಮ್ಮ ಗಾಯಕ್ಕ ಎರಡೂ ಹಾಕಿದಳು ಅಂತ ತಿಳೀರಿ. ಸಂಜಿಗೆ ಆಕಿ ಮೊಮ್ಮಗಾನ ಮಾಳಿಗಿಯಿಂದ ಬಿದ್ರ ಏನು ಮಾಡ್ತಾಳ? ಆಕಿ ಮಾರೂದು 6 ಸೆಕೆಂಡ್ ಅಲ್ಲ. ತನ್ನ ಮನಿಗೆ ಅಂತ ಇಟ್ಟುಕೊಂಡ ಆಸರಾ ತಗದು ನಿಮಗ ಕೊಡ್ತಾಳ. ಅದಕ್ಕ ಬೆಲಿ ಇಲ್ಲೇನು?

ಲೆಕ್ಕಾ ಬಲ್ಲಾಂವ ಒಬ್ಬ ಇದ್ದಾನ, ಅಂವ ಅಂದ, "ಕಾಕು, ದಿನಕ್ಕ ಎರಡು ಮಂತ್ರ, 20 ಬಂಗಾರ. ಕಸಬು ಬಲ್ಲ ಆಳಿಗೆ ಪುಸ್ತಕದಾಗ ದಿನಕ್ಕ 2 ಬಂಗಾರ ಅಷ್ಟ. ಹತ್ತು ಪಟ್ಟು ಆತಲ್ಲ?" ಆತಪ್ಪಾ, ದಿನಾ ಇಬ್ಬರು ಗಾಯ ಮಾಡ್ಕೊಂಡು ಬಂದ್ರ. ಸಣ್ಣ ಹಳ್ಳಿಯೊಳಗ ದಿನಾ ಯಾರು ಬರ್ತಾರ? ಲಗ್ನದ ಸೀಜನ್ನಿನಾಗ ಹೊಲಗಿಯಾಕಿ ಮನಿ ತುಂಬ ಸೀರಿ, ಆಷಾಢದಾಗ ಮಿಶನ್ನಿನ ಮ್ಯಾಲೆ ಧೂಳ. ಖಾಲಿ ದಿನದ ಊಟಾನೂ ಬಂದ ದಿನದ ದರದಾಗ ಕೂಡಿರಬೇಕು.

ಪುಸ್ತಕದವರದ್ದೂ ಒಂದ ನ್ಯಾಯ ಇಲ್ಲ. 2003ರ ಪುಸ್ತಕದಾಗ ನನಗ ಸೇರೂ ಅಂಥಾ ಲೆಕ್ಕ ಇತ್ತು. ಮಂತ್ರದ ಮಟ್ಟ, ಹಾಕಾಕಿ ಮಟ್ಟ, ಎರಡನ್ನೂ ಗುಣಿಸಿ ಮತ್ತ 10ರಿಂದ ಗುಣಿಸೂದು. ಅಷ್ಟು ಬಂಗಾರ ಕೂಲಿ, ಸಾಮಾನಿನ ರೊಕ್ಕ ಬ್ಯಾರೆ. ಕೂಲಿ ಬ್ಯಾರೆ, ಸಾಮಾನು ಬ್ಯಾರೆ, ಇದ ಬರೋಬ್ಬರಿ. ಸತ್ತಾವರನ್ನ ಎಬ್ಬಸೂ ಮಂತ್ರ ಐದನೇ ಮಟ್ಟದ್ದು, ಅದನ್ನ ಹಾಕಲಿಕ್ಕೆ ಕ್ಲೆರಿಕ್ ಒಂಬತ್ತನೇ ಮಟ್ಟದಾಕಿ ಇರಬೇಕು. 5 × 9 × 10, ಕೂಲಿ 450 ಬಂಗಾರ. ಅದಕ್ಕ ಬೇಕಾಗೂ ವಜ್ರಕ್ಕ 5000! ಆ 5000 ಕೊಡಲಿಕ್ಕೆ ವಜ್ರದ ಅಂಗಡ್ಯಾಗ ಯಾರೂ ಬಾಯಿ ತಗಿಯೂದಿಲ್ಲ. ಚೌಕಾಶಿ ಎಲ್ಲಾ 450ರ ಮ್ಯಾಲೆ. ಸಾವಿರಾರು ರೂಪಾಯಿ ಸೀರಿ ತಂದು ಫಾಲ್ ಹಚ್ಚಾಕಿ ಮುಂದ ಇಪ್ಪತ್ತು ರೂಪಾಯಿಗೆ ನಿಂತು ವಾದಾ ಮಾಡಿಧಂಗ ಆತು.

2014ರ ಪುಸ್ತಕ ಬಂತು, ಗೊತ್ತಾದ ದರ ಅಂತ ಇಲ್ಲ ಅಂತು. ಒಂದು-ಎರಡನೇ ಮಟ್ಟದ ಮಂತ್ರಕ್ಕ 10ರಿಂದ 50 ಆಗಬಹುದು ಅಂತ ಹೇಳಿ ಕೈ ತೊಳಕೊಂಡ್ತು. ಅಂದ್ರ "ನಿಮಗ ತಿಳದಷ್ಟು ಕೊಡ್ರಿ". ಈ ಮಾತಿನಾಗ ಯಾವಾಗ್ಲೂ ಸೋಲಾಕಿ ಕೆಲಸಾ ಮಾಡಿದಾಕಿನ. 2024ರಾಗ ಮತ್ತ ಫಿಕ್ಸ್ ಮಾಡ್ಯಾರ, ಒಂದನೇ ಮಟ್ಟಕ್ಕ 50, ಎರಡಕ್ಕ 200, ಮೂರಕ್ಕ 300. ಹೆಚ್ಚಾತೋ ಕಡಿಮಿ ಆತೋ, ದರ ಬಾಯಿ ಬಿಟ್ಟು ಹೇಳ್ಯಾರಲ್ಲ, ಅದು ಛಲೋ.

ಹಂಗಾದ್ರ ಬಡವರು ಸಾಯಬೇಕೇನು ಅಂತ ನಮ್ಮ ಮಗಾ ಕೇಳ್ದ. ಇದು ಮಾತ್ರ ತೂಕದ ಪ್ರಶ್ನಿ. ಸಾದಾ ಕೂಲಿ ಆಳಿಗೆ ಆ ಆಟದಾಗ ದಿನಕ್ಕ 2 ಬೆಳ್ಳಿ, 10 ಬೆಳ್ಳಿಗೆ ಒಂದು ಬಂಗಾರ. 10 ಬಂಗಾರ ಅಂದ್ರ ಅವನ 50 ದಿನದ ದುಡಿಮಿ, 50 ಬಂಗಾರ ಅಂದ್ರ 250 ದಿನದ್ದು. ಅಂವ ಎಲ್ಲಿಂದ ತರಬೇಕು? ಖರೆ. ಆದ್ರ ಅದರ ಭಾರ ಮುದುಕಿ ಒಬ್ಬಾಕಿ ತಲಿಮ್ಯಾಲೆ ಯಾಕ? ಗುಡಿಗೆ ಹುಂಡಿ ಇಡ್ರಿ, ಊರ ದೊರಿ ಖಜಾನಿಯಿಂದ ಕೊಡಸ್ರಿ, ಗವಿಯಿಂದ ಚೀಲ ತುಂಬಿ ತಂದ ಈ ಹುಡುಗೂರ ಕಡೆಯಿಂದ ಹತ್ತರಾಗ ಒಂದು ಪಾಲು ಹಾಕಸ್ರಿ. ಕತಿ ನಡಸಾಂವಗ ಇಷ್ಟು ಹೊಂದಸಲಿಕ್ಕೆ ಆಗೂದಿಲ್ಲೇನು? ಕೂಲಿಯವನ ಕೂಸಿಗೆ ಆಕಿ ತಾನಾಗಿ ಪುಗಸಟ್ಟೆ ಮಂತ್ರ ಹಾಕಿದ್ರ ಅದು ಆಕಿ ದಯಾ. ರೊಕ್ಕ ಇದ್ದಾವರು ಕೈ ಒಡ್ಡಿ "ನೀ ಒಳ್ಳೆಯಾಕಿ ಅಲ್ಲಾ" ಅಂದ್ರ ಅದು ದಯಾ ಅಲ್ಲ, ವಸೂಲಿ.

"ಅವ್ವಾ, ಇದು ಆಟ, ಯಾಕ ಇಷ್ಟು ಹಚ್ಕೋತಿ" ಅಂತಾನ. ಆಟ ಅಂತನ ನಾ ಹೇಳೂದು. ನಾಣ್ಯ ಬರೇ ಪೆನ್ಸಿಲ್ಲಿಲೆ ಬರದದ್ದು, ಯಾರ ಖಿಸೆದಾಗಿಂದೂ ಒಂದು ಪೈಸಾ ಹೋಗೂದಿಲ್ಲ. ಇಲ್ಲದ ರೊಕ್ಕಾನೂ ಇಲ್ಲದ ಮುದುಕಿಗೆ ಕೊಡಲಿಕ್ಕೆ ಕೈ ಬರವಲ್ದು ಅಂದ್ರ, ನಾಳೆ ಖರೆ ಸಂಸಾರದಾಗ ಇವರು ಅಡಗಿಯಾಕಿಗೆ, ಬಾಣಂತಿಗೆ ಎಣ್ಣಿ ಹಚ್ಚಾಕಿಗೆ ಏನು ಕೊಟ್ಟಾರು? ರೂಢಿ ಆಗೂದು ಇಲ್ಲೇ.

ಅದಕ್ಕ ವಹಿ ನನ್ನ ಕೈಯಾಗ ಇರೂತನಕ ಕ್ಲೆರಿಕ್ ಮುದುಕಿ ದರ ಮೊದಲನೇ ಪುಟದಾಗ ಬರದಿಟ್ಟೇನಿ: ಗಾಯದ ಮಂತ್ರ 10, ಸಾಮಾನು ಬ್ಯಾರೆ, ಉದ್ರಿ ಇಲ್ಲ. ನೀವೂ ನಿಮ್ಮ ರೊಟ್ಟಿ, ಹಪ್ಪಳ, ಹೊಲಗಿದು ದರ ಒಂದು ಚೀಟಿ ಮ್ಯಾಲೆ ಬರದು ಬಾಗಲಕ್ಕ ಅಂಟಸ್ರಿ. ಕೇಳಾವರು ಓದ್ಕೊಂಡ ಒಳಗ ಬರ್ಲಿ.