ಗ್ರೀಸ್ ಹಾಕೋದು ಯಾರು?

ತೆಂಗಿನ ತೋಟಕ್ಕೆ ಸ್ಲ್ಯಾಷರ್ ಒಳ್ಳೇದಾ, ಮಲ್ಚರ್ ಒಳ್ಳೇದಾ ಅಂತ ಕೇಳೋ ಫೋನು ನನಗೆ ತಿಂಗಳಿಗೆ ಒಂದಾದರೂ ಬರುತ್ತೆ. ಕೇಳೋರು ಹೆಚ್ಚಾಗಿ ನನ್ನ ಥರದವರೇ. ಬೆಂಗಳೂರಲ್ಲಿ ಕೆಲಸ, ತಿಪಟೂರು ಕಡೆ ಐದಾರು ಎಕರೆ ತೋಟ, ಊರಲ್ಲಿ ವಯಸ್ಸಾದ ಅಪ್ಪ. ತಿಂಗಳಿಗೊಂದು ಸಲ ಊರಿಗೆ ಹೋದಾಗ ಆಳೆತ್ತರ ಬೆಳೆದ ಕಳೆ ನೋಡಿ ಹೊಟ್ಟೆ ಉರ್ಕೊಳ್ತಾರೆ. ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡು ಯೂಟ್ಯೂಬಲ್ಲಿ ಮಲ್ಚರ್ ವಿಡಿಯೊ ನೋಡ್ತಾರೆ. ಗರಿ ಒಳಗೆ ಹೋಗುತ್ತೆ, ಪುಡಿ ಆಚೆ ಬರುತ್ತೆ. ಬೆಳಗ್ಗೆ ನನಗೆ ಫೋನು. ನಾನು ಎಲ್ಲರಿಗೂ ಒಂದೇ ಪ್ರಶ್ನೆ ವಾಪಸ್ ಕೇಳ್ತೀನಿ: ಗ್ರೀಸ್ ಹಾಕೋದು ಯಾರು?

ಇದಕ್ಕೆ ಬೇಜಾರು ಮಾಡ್ಕೊಂಡವರು ತುಂಬಾ ಜನ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡ್ತೀನಿ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಸ್ಲ್ಯಾಷರ್ ಅಂದ್ರೆ ರೋಟರಿ ಕಟರ್. ಬೋರಲು ಹಾಕಿದ ಬಾಣಲೆ ಥರದ ತಗಡಿನ ಮುಚ್ಚಳ, ಮೇಲೆ ಒಂದು ಗೇರ್‌ಬಾಕ್ಸ್, ಕೆಳಗೆ ಫ್ಯಾನಿನ ರೆಕ್ಕೆ ಹಾಗೆ ತಿರುಗೋ ಎರಡೋ ಮೂರೋ ದಪ್ಪ ಬ್ಲೇಡು. ಅಷ್ಟೇ. ನಮ್ಮ ಕಡೆ ಮಲ್ಚರ್ ಅಂತ ಕರೆಯೋದು ಫ್ಲೇಲ್ ಮೋವರನ್ನ. ಅದರಲ್ಲಿ ಅಡ್ಡಡ್ಡ ಮಲಗಿದ ಒಂದು ರೋಟರ್ ಇರುತ್ತೆ, ಅದರ ಮೈತುಂಬ ತೂಗಾಡೋ ಸುತ್ತಿಗೆಗಳು. ನಮ್ಮದರಲ್ಲಿ 24 ಇವೆ. ಟ್ರ್ಯಾಕ್ಟರಿನ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗಿದರೆ, ಗೇರ್‌ಬಾಕ್ಸು ಮತ್ತು ಪಕ್ಕದ ಬೆಲ್ಟುಗಳು ಸೇರಿ ಈ ರೋಟರನ್ನ ಸುಮಾರು 2000 ಸುತ್ತಿಗೆ ಏರಿಸ್ತವೆ.

ಕೆಲಸದಲ್ಲಿ ಮಲ್ಚರ್‌ದೇ ಮೇಲುಗೈ, ನಾನು ಇಲ್ಲ ಅನ್ನಲ್ಲ. ಮೂವತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 48 ಮರ. ಒಂದೊಂದು ಮರ ವರ್ಷಕ್ಕೆ ಹೆಚ್ಚುಕಮ್ಮಿ 12 ಗರಿ ಉದುರಿಸುತ್ತೆ. ಐದು ಎಕರೆಗೆ ಲೆಕ್ಕ ಹಾಕಿದರೆ 2,880 ಗರಿ. ಸ್ಲ್ಯಾಷರ್ ಕಳೆಯನ್ನೇನೋ ಚೆನ್ನಾಗಿ ಕೊಚ್ಚುತ್ತೆ, ಆದರೆ ಗರಿಯ ದಪ್ಪ ಬುಡವನ್ನ ತುಂಡು ಮಾಡಿ ಪಕ್ಕಕ್ಕೆ ಎಸೆಯುತ್ತೆ. ಮಲ್ಚರ್ ಅದನ್ನೇ ನಾರುನಾರು ಮಾಡಿ ಬುಡಕ್ಕೆ ಹಾಸುತ್ತೆ. ಕಲ್ಲು ಸಿಡಿಯೋದೂ ಮಲ್ಚರಲ್ಲಿ ಕಮ್ಮಿ. ಸ್ಲ್ಯಾಷರ್ ಓಡುವಾಗ ಹತ್ತಿರದ ಸಾಲಲ್ಲಿ ಮನುಷ್ಯರು, ದನಕರು ಇರಲೇಬಾರದು.

ಅಂಗಡಿಯವರು ಮಾತು ನಿಲ್ಲಿಸೋದು ಇಲ್ಲಿಗೆ. ಮಿಕ್ಕಿದ್ದು ನಾನು ಹೇಳ್ತೀನಿ.

ಸ್ಲ್ಯಾಷರ್ ನಿಮ್ಮಿಂದ ಏನು ಕೇಳುತ್ತೆ? ಗೇರ್‌ಬಾಕ್ಸಲ್ಲಿ ಎಣ್ಣೆ ಇದೆಯಾ ನೋಡಬೇಕು. ಪಿಟಿಒ ಶಾಫ್ಟಿನ ಎರಡು ಕ್ರಾಸಿಗೆ, ಜಾರೋ ಕೊಳವೆಗೆ, ಹಿಂದಿನ ಚಕ್ರಕ್ಕೆ ಗ್ರೀಸ್ ಹಾಕಬೇಕು. ಬ್ಲೇಡಿನ ಬೋಲ್ಟ್ ಬಿಗಿ ಇದೆಯಾ ನೋಡಬೇಕು, ಬ್ಲೇಡ್ ಸವೆದರೆ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಬೇಕು. ಬೊಡ್ಡೆಗೋ ಕಲ್ಲಿಗೋ ಬಡಿದಾಗ ಮುರಿಯೋಕೆ ಅಂತಲೇ ಎಷ್ಟೋ ಸ್ಲ್ಯಾಷರಲ್ಲಿ ಒಂದು ಶಿಯರ್ ಬೋಲ್ಟ್ ಇರುತ್ತೆ. ಪದೇ ಪದೇ ಮುರಿಯುತ್ತೆ ಅಂತ ಸಿಟ್ಟಿಗೆ ಗಟ್ಟಿ ಬೋಲ್ಟ್ ಹಾಕಿದಿರೋ, ಮುಂದಿನ ಸಲ ಮುರಿಯೋದು ಗೇರ್‌ಬಾಕ್ಸು. ಇಷ್ಟು ಬಿಟ್ಟರೆ ಸ್ಲ್ಯಾಷರ್ ಎಮ್ಮೆ ಇದ್ದಹಾಗೆ. ಎರಡು ದಿನ ಮರೆತರೂ ಗೊಣಗಿಕೊಂಡು ಕೆಲಸ ಮಾಡುತ್ತೆ. ತಗಡು ಹರಿದರೆ ಊರ ಬಾಗಿಲಲ್ಲಿರೋ ವೆಲ್ಡಿಂಗ್ ಅಂಗಡಿಯವನೇ ಸಾಕು.

ಮಲ್ಚರಿಗೆ ಶಾಫ್ಟು, ಗೇರ್‌ಬಾಕ್ಸಿನ ಈ ಕೆಲಸವೆಲ್ಲ ಇದ್ದೇ ಇದೆ. ಅದರ ಮೇಲೆ ರೋಟರಿನ ಎರಡು ತುದಿಯ ಬೇರಿಂಗು. ಹಿಂದಿನ ರೋಲರಿನ ಎರಡು ತುದಿಯ ಬೇರಿಂಗು, ಅವು ಸದಾ ಮಣ್ಣಲ್ಲೇ ಹೊರಳ್ತಿರ್ತವೆ. ಬೆಲ್ಟ್ ಸಡಿಲ ಆದರೆ ಜಾರಿ ಸುಡುತ್ತೆ, ಅತೀ ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತೆ. ಆಮೇಲೆ 24 ಸುತ್ತಿಗೆ, ಅವುಗಳ ಪಿನ್ನು. ಒಂದು ಸುತ್ತಿಗೆ ಬಿದ್ದುಹೋದರೆ ಮಿಕ್ಕ 23 ಇದೆಯಲ್ಲ ಅನ್ನೋರಿಗೆ ಒಂದು ಲೆಕ್ಕ: ಒಂದು ಕೆ.ಜಿ. ಸುತ್ತಿಗೆ, ನಡು ಅಚ್ಚಿನಿಂದ 20 ಸೆಂ.ಮೀ. ದೂರ, ನಿಮಿಷಕ್ಕೆ 2000 ಸುತ್ತು. ಅದು ಇಲ್ಲವಾದಾಗ ರೋಟರಿನ ಮೇಲೆ ಬೀಳೋ ಒಂದೇ ಕಡೆಯ ಎಳೆತ ಸುಮಾರು 900 ಕೆ.ಜಿ. ತೂಕಕ್ಕೆ ಸಮ. ಆ ಎಳೆತ ಸೆಕೆಂಡಿಗೆ 33 ಸಲ ಬೇರಿಂಗನ್ನ ಸುತ್ತಲೂ ಗುದ್ದುತ್ತೆ. ಯಾವ ಬೇರಿಂಗ್ ತಡೆದೀತು? ಅದಕ್ಕೇ ಒಂದು ಬದಲಾಯಿಸಿದರೆ ಅದರ ಎದುರಿನದನ್ನೂ ಅಷ್ಟೇ ತೂಕದ್ದು ಹಾಕಬೇಕು.

ಇದೆಲ್ಲ ನಾನು ಕಲಿತದ್ದು ಕೆಟ್ಟ ಮೇಲೆ. ಮೂರು ವರ್ಷದ ಹಿಂದೆ ಅಪ್ಪನ ಹೆಸರಲ್ಲಿ ಸಬ್ಸಿಡಿ ಹಾಕಿಸಿ ಮಲ್ಚರ್ ತರಿಸಿದವನು ನಾನೇ. ನಿಂಬೆಹಣ್ಣು, ಕುಂಕುಮ, ಫೋಟೊ ಎಲ್ಲ ಆಯ್ತು. ಮ್ಯಾನುಯಲ್ ಪ್ಲಾಸ್ಟಿಕ್ ಕವರಲ್ಲೇ ಅಟ್ಟ ಸೇರಿತು. ಬಿ.ಇ. ಓದಿದವನು ನಾನು, ಒಂದು ಪುಟ ತಿರುವಿ ನೋಡಲಿಲ್ಲ.

ಎರಡನೇ ಮಳೆಗಾಲದಲ್ಲಿ ರೋಟರಿನ ಬೇರಿಂಗ್ ಒಡೀತು. ಅಪ್ಪ ನಾಲ್ಕು ಜನರ ಎದುರಿಗೆ ಡ್ರೈವರನ್ನ ಬೈದರು. ನಾನು ಬೆಂಗಳೂರಿಂದ ಫೋನಲ್ಲಿ, "ಅವನನ್ನ ಬಿಟ್ಟು ಬೇರೆಯವರನ್ನ ನೋಡಪ್ಪ" ಅಂದೆ. ಹದಿನೈದು ವರ್ಷ ನಮ್ಮ ಟ್ರ್ಯಾಕ್ಟರ್ ಓಡಿಸಿದ ಮನುಷ್ಯ ಕೀ ಕೊಟ್ಟು ಹೊರಟುಹೋದರು.

ತುಮಕೂರಿನ ಲೇತಲ್ಲಿ ರೋಟರ್ ಬಿಚ್ಚಿದಾಗ ನಾನೂ ಇದ್ದೆ. ತುದಿಯಲ್ಲಿ ಕಪ್ಪು ಡ್ರಿಪ್ ಪೈಪು ಸುತ್ತಿಕೊಂಡು, ಕರಗಿ, ಬೇರಿಂಗಿನ ಸೀಲನ್ನೇ ಕೊಯ್ದುಹಾಕಿತ್ತು. ಆ ಪೈಪು ನಮ್ಮದೇ. ಸುತ್ತಿಡಿ ಅಂತ ನಾನು ಅಪ್ಪನಿಗೂ ಹೇಳಿರಲಿಲ್ಲ, ನಾನೂ ಸುತ್ತಿಟ್ಟಿರಲಿಲ್ಲ. ಒಳಗೆ ಗ್ರೀಸ್ ಒಣಗಿ ಮಣ್ಣಾಗಿತ್ತು. ಬೇರಿಂಗಿನ ಬೆಲೆ ದೊಡ್ಡದಲ್ಲ. ಆದರೆ ಶಾಫ್ಟು ಸವೆದಿತ್ತು. ಅದನ್ನ ತುಂಬಿಸಿ, ತಿರುಗಿಸಿ, ರೋಟರ್ ಬ್ಯಾಲೆನ್ಸ್ ಮಾಡಿಸೋಕೆ 19 ದಿನ ಹಿಡೀತು. ಅಷ್ಟರಲ್ಲಿ ಕಳೆ ಬೀಜ ಕಟ್ಟಿತ್ತು.

ಆ ಭಾನುವಾರ ಡ್ರೈವರ್ ಮನೆಗೆ ಹೋದೆ. ಕೂರಿಸಿ ಕಾಫಿ ಕೊಟ್ಟು ಹೇಳಿದರು: "ನಿಪ್ಪಲ್ ಎಲ್ಲೈತೆ ಅಂತ ಯಾರಾದ್ರೂ ತೋರ್ಸಿದ್ರೇನಪ್ಪ? ಗ್ರೀಸ್ ಗನ್ ತಂದ್ಕೊಡಿ ಅಂದ್ರೆ ನಿಮ್ಮಪ್ಪಾರು ನಾಳೆ ನೋಡಣ ಅಂದ್ರು. ಬೆಳಗ್ಗೆ ಅರ್ಧ ಗಂಟೆ ಗಾಡಿ ನಿಲ್ಸಿದ್ರೆ ಯಾಕ್ ನಿಲ್ಸಿದೆ ಅಂತಿದ್ರು. ನಾನೇನ್ ಮಾಡ್ಲಿ ಹೇಳು."

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಆಫೀಸಲ್ಲಿ ರಾತ್ರಿ ಸರ್ವರ್ ಬಿದ್ದರೆ ಎದ್ದು ನೋಡೋಕೆ ಪಾಳಿ ಇದೆ, ಆ ಪಾಳಿಗೆ ದುಡ್ಡಿದೆ. ಸಂಬಳ ಕೊಡದೆ ಕಾಯಿ ಅಂದ್ರೆ ನಾವು ಯಾರೂ ಕಾಯಲ್ಲ. ಅದೇ ನಾವು ಊರಿಗೆ ಬಂದ ಕೂಡಲೇ, ಗಾಡಿ ಓಡಿದರೆ ಮಾತ್ರ ಕೆಲಸ, ಗ್ರೀಸ್ ಹಾಕೋದು ಸೋಮಾರಿತನ ಅಂತೀವಿ. ಕೆಟ್ಟರೆ "ಡ್ರೈವರ್ ಸರಿ ಇಲ್ಲ". ಈ ಮಾತನ್ನ ನಾನು ಎಷ್ಟು ಮನೆಗಳಲ್ಲಿ ಕೇಳಿದೀನಿ!

ಸರ್ಕಾರದ ಲೆಕ್ಕವೂ ಹೀಗೇ. ಕೃಷಿ ಯಾಂತ್ರೀಕರಣದ ಸಬ್ಸಿಡಿ ಸಾಮಾನ್ಯವಾಗಿ ಬೆಲೆಯ ಶೇ. 40ರಿಂದ 50. ಅದು ಕೊಳ್ಳೋ ದಿನಕ್ಕೆ ಮಾತ್ರ. ಯಂತ್ರದ ಜೊತೆ ಒಂದು ಗ್ರೀಸ್ ಗನ್ನು, ಒಂದು ಸೆಟ್ ಸುತ್ತಿಗೆ, ನಿಪ್ಪಲ್ ಎಲ್ಲೆಲ್ಲಿದೆ ಅಂತ ಕನ್ನಡದಲ್ಲಿ ಬರೆದ ಒಂದು ಹಾಳೆ, ಓಡಿಸೋನಿಗೆ ಒಂದು ದಿನದ ತರಬೇತಿ. ಇಷ್ಟು ಕಡ್ಡಾಯ ಮಾಡಿದರೆ ಸರ್ಕಾರದ ಗಂಟೇನು ಹೋಗುತ್ತೆ? ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳಿಗೆ ಇದು ಇನ್ನೂ ಮುಖ್ಯ. ಹತ್ತು ತೋಟ ಸುತ್ತೋ ಯಂತ್ರಕ್ಕೆ ಹತ್ತು ಜನ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡ್ತಾರೆ, ನಿಂತಿರೋ ಅರ್ಧ ಗಂಟೆಯ ಬಾಬ್ತು ಯಾರಿಗೂ ಬೇಡ.

"ಇಷ್ಟು ಹೆದರಿದರೆ ಯಂತ್ರನೇ ತಗೋಬಾರದು" ಅಂದರು ಒಬ್ಬರು. ಹೆದರಿಸ್ತಿಲ್ಲ ಸ್ವಾಮಿ, ಹೇಳ್ತಿದೀನಿ. ದಿನಾ ಬೆಳಗ್ಗೆ ಅರ್ಧ ಗಂಟೆ ಯಂತ್ರ ನೋಡೋ ಮನುಷ್ಯ ನಿಮ್ಮಲ್ಲಿದ್ದರೆ, ಆ ಅರ್ಧ ಗಂಟೆಗೆ ಕೂಲಿ ಕೊಡೋ ಮನಸ್ಸಿದ್ದರೆ, ಡ್ರಿಪ್ ಪೈಪು ಸುತ್ತಿಡೋ ಶಿಸ್ತಿದ್ದರೆ ಮಲ್ಚರ್ ತಗೊಳ್ಳಿ. ಇಲ್ಲವಾ? ಸ್ಲ್ಯಾಷರ್ ತಗೊಳ್ಳಿ, ಗರಿ ಪುಡಿ ಮಾಡೋಕೆ ವರ್ಷಕ್ಕೆ ಎರಡು ಸಲ ಮಲ್ಚರ್ ಬಾಡಿಗೆಗೆ ತರಿಸಿ. ಅದರಲ್ಲಿ ಅವಮಾನ ಏನಿಲ್ಲ. ಯಾವುದೇ ತಗೊಳ್ಳಿ, ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿ, ಯಂತ್ರಕ್ಕೆ ಕೆಳಗಿಂದ ಆನಿಕೆ ಕೊಡದೆ ಕೈ ಒಳಗೆ ಹಾಕಬೇಡಿ, ಹಾಕೋಕೆ ಬೇರೆಯವರಿಗೂ ಹೇಳಬೇಡಿ.

ನಮ್ಮ ಡ್ರೈವರ್ ವಾಪಸ್ ಬಂದಿದಾರೆ. ಅಪ್ಪ ಕ್ಷಮೆ ಕೇಳಲಿಲ್ಲ, ಆ ಪೀಳಿಗೆಯವರು ಕೇಳಲ್ಲ. ಆದರೆ ತಿಪಟೂರಿಗೆ ಹೋಗಿ ತಾವೇ ಗ್ರೀಸ್ ಗನ್ ತಂದು ಅವರ ಕೈಗೆ ಕೊಟ್ಟರು. ಬೆಳಗಿನ ಅರ್ಧ ಗಂಟೆ ಈಗ ಕೂಲಿ ಲೆಕ್ಕದಲ್ಲಿದೆ. ಮುಂದೆ ಫೋನ್ ಮಾಡೋರು ಸ್ಲ್ಯಾಷರಾ, ಮಲ್ಚರಾ ಅಂತ ಕೇಳೋ ಮೊದಲು ನಿಮ್ಮ ಡ್ರೈವರನ್ನ ಒಂದು ಮಾತು ಕೇಳಿ ಬನ್ನಿ.