ಭಾಷೆ ಕೇಳುವ ಮೊದಲಿನ ಪರದೆ

ರೋಣದಲ್ಲಿ ಗೆಳೆಯನ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕುತ್ತ ಕೂತಿದ್ದೆವು. ನರಗುಂದದಲ್ಲಿ ಬಿ.ಎ. ಓದುವ ಅವನ ತಂಗಿಗೆ ಅದು ಬೇಕಿತ್ತು. ಪೆನ್‌ಡ್ರೈವ್ ಹಾಕಿ ಚಾಲೂ ಮಾಡಿದಾಗ ಮೊದಲ ಪರದೆ ಇಂಗ್ಲಿಷಿನಲ್ಲಿ ಬಂತು. ಚಿತ್ರವಿರುವ ಇನ್‌ಸ್ಟಾಲರ್ ಆರಿಸಿದೆವು. ಪರದೆ ಗೆರೆಗೆರೆಯಾಗಿ ಕುಣಿದು ಕಪ್ಪಾಗಿ ನಿಂತಿತು. ಮತ್ತೆ ಚಾಲೂ ಮಾಡಿ ಬರೀ ಅಕ್ಷರಗಳ ಇನ್‌ಸ್ಟಾಲರ್ ಆರಿಸಿದರೆ ಅದು ಓಡಿತು, ಆದರೆ ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

"ಅಣ್ಣಾರ, ಕನ್ನಡದಾಗ ಬರ್ತೈತಿ ಅಂದಿದ್ರಲ್ಲ?" ಎಂದಳು ಹುಡುಗಿ.

"ಇಂಗ್ಲಿಷ್ ಇಟ್ಟು ಮುಂದ ಹೋಗೋಣು, ಎರಡು ನಿಮಿಷದ ಕೆಲಸ" ಎಂದ ಅವಳಣ್ಣ.

ಆ ಎರಡು ನಿಮಿಷದಲ್ಲೇ ಅವನು ಇಡೀ ಡಿಸ್ಕ್ ಅಳಿಸುವ ಆಯ್ಕೆಯ ಮೇಲೆ ಬಂದು ನಿಂತಿದ್ದ. ಅದರಲ್ಲಿ ತಂಗಿಯ ಎರಡು ವರ್ಷದ ನೋಟ್ಸ್ ಇದ್ದವು. ಓದಿ ಹೇಳಲು ಪಕ್ಕದಲ್ಲಿ ನಾನಿದ್ದೆ, ಹಾಗಾಗಿ ಉಳಿದವು.

'ಎರಡು ನಿಮಿಷದ ಕೆಲಸ' ಎಂಬ ಮಾತಿನ ಮೇಲೆಯೇ ನನ್ನ ತಕರಾರು.

ಲಿನಕ್ಸ್ ಲೋಕ ಕನ್ನಡವನ್ನು ಮರೆತಿದೆ ಎಂದು ನಾನು ಹೇಳುತ್ತಿಲ್ಲ. ಡೆಬಿಯನ್ 2007ರಲ್ಲಿ ತನ್ನ 4.0 ಆವೃತ್ತಿಯೊಂದಿಗೆ ಚಿತ್ರವಿರುವ ಇನ್‌ಸ್ಟಾಲರ್ ಕೊಟ್ಟಿತು. 2011ರ 6.0 ಆವೃತ್ತಿಯಲ್ಲಿ ಅದಕ್ಕೆ ಕನ್ನಡವೂ ಸೇರಿತು. ಸ್ವಯಂಸೇವಕರು ಕೂತು ಅನುವಾದಿಸಿದ ಫಲ ಅದು. ಆದರೆ ಆ ಕನ್ನಡ ಇರುವುದು ಚಿತ್ರದ ಇನ್‌ಸ್ಟಾಲರಿನಲ್ಲಿ ಮಾತ್ರ. ಅದಕ್ಕೂ ಮುಂಚಿನ ಬೂಟ್ ಪರದೆಯಲ್ಲಿಲ್ಲ, ಬರೀ ಅಕ್ಷರಗಳ ಇನ್‌ಸ್ಟಾಲರಿನಲ್ಲೂ ಇಲ್ಲ. ಅಂದರೆ ಯಂತ್ರ ಸರಿಯಿದ್ದಾಗ ಕನ್ನಡ ಸಿಗುತ್ತದೆ, ಕೈಕೊಟ್ಟಾಗ ಸಿಗುವುದಿಲ್ಲ. ಹಳೆಯ ಗ್ರಾಫಿಕ್ಸ್ ಇರುವ, ನಾಲ್ಕು ಕೈ ದಾಟಿ ಬಂದ ಕಂಪ್ಯೂಟರುಗಳು ಯಾರ ಮನೆಯಲ್ಲಿರುತ್ತವೆ? ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲಿ. ಲಿನಕ್ಸ್ ಹೆಚ್ಚು ಬೇಕಾದವರೂ ಇವರೇ, ಆ ಕಪ್ಪು ಪರದೆಯ ಮುಂದೆ ಹೆಚ್ಚು ಸಿಕ್ಕಿಬೀಳುವವರೂ ಇವರೇ.

ಇದಕ್ಕೆ ಸಿದ್ಧ ಉತ್ತರವೊಂದಿದೆ: ಕನ್ನಡ ಲಿಪಿ ಸಂಕೀರ್ಣ. 'ಗಜೇಂದ್ರಗಡ' ಎಂಬ ಹೆಸರನ್ನೇ ನೋಡಿ. ಓದುವವರಿಗೆ ಅದು ಐದು ಅಕ್ಷರ. ಯೂನಿಕೋಡಿನಲ್ಲಿ ಒಂಬತ್ತು ಸಂಕೇತ. ದ, ವಿರಾಮ, ರ ಎಂಬ ಮೂರು ಸೇರಿ 'ದ್ರ' ಆಗಬೇಕು. ಲಿನಕ್ಸಿನ ಅಕ್ಷರ ಪರದೆಗೆ ಈ ಕೂಡಿಸುವ ಕೆಲಸ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಮನಾದ ಖಾನೆಗಳು, ಖಾನೆಗೊಂದು ಆಕಾರ, ಒಟ್ಟು 256 ಅಥವಾ ಹೆಚ್ಚೆಂದರೆ 512 ಆಕಾರಗಳು. ಈ ಮಿತಿ 1987ರ ವಿಜಿಎ ಯಂತ್ರಾಂಶದಿಂದ ಬಂದ ಬಳುವಳಿ. ಗ್ರಬ್ ಎಂಬ ಬೂಟ್ ತಂತ್ರಾಂಶಕ್ಕೆ ಯೂನಿಕೋಡ್ ಫಾಂಟ್ ಇದ್ದರೂ ನಮ್ಮ ಒತ್ತಕ್ಷರ ಜೋಡಿಸುವ ಬುದ್ಧಿ ಅದಕ್ಕಿಲ್ಲ.

ಹಾಗಾದರೆ ಸಂಕೀರ್ಣವಾದದ್ದು ನಮ್ಮ ಲಿಪಿಯೋ, ಇಕ್ಕಟ್ಟಾದದ್ದು ಅವರ ಪೆಟ್ಟಿಗೆಯೋ? ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿ 11ನೇ ಶತಮಾನದ ಕನ್ನಡ ಶಾಸನಗಳಿವೆ. ಒತ್ತಕ್ಷರ ಕೆತ್ತಲು ಆ ಕಲ್ಲುಕುಟಿಗನಿಗೆ ಯಾವ ತೊಂದರೆಯೂ ಆಗಲಿಲ್ಲ. ಕಲ್ಲು ಬೇಡ, ಕಂಪ್ಯೂಟರನ್ನೇ ತೆಗೆದುಕೊಳ್ಳಿ. 1980ರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ, ಡಾಸ್ ಕಾಲದ ಪಿಸಿಗಳಲ್ಲೇ ಭಾರತೀಯ ಲಿಪಿಗಳನ್ನು ತೋರಿಸಿತ್ತು. ಅದಕ್ಕೆ ಬೇರೆ ಕಾರ್ಡ್ ಕೂಡಿಸಬೇಕಿತ್ತು, ನಿಜ. ಆದರೆ ಆಗುವುದಿಲ್ಲ ಎಂಬ ಮಾತು ಅಂದೇ ಸುಳ್ಳಾಯಿತು.

ಕರ್ನಲ್ಲಿನ ಪ್ರತಿ ಸಂದೇಶವೂ ಕನ್ನಡದಲ್ಲಿರಲಿ ಎಂದು ನಾನು ಕೇಳುತ್ತಿಲ್ಲ. 'ನೋಮೋಡ್‌ಸೆಟ್' ಎಂಬ ಆದೇಶ ಹಾಗೆಯೇ ಇರಲಿ, ಅದು ಹೆಸರು. ಪರದೆ ಕಪ್ಪಾದರೆ ಅದನ್ನು ಎಲ್ಲಿ ಟೈಪ್ ಮಾಡಬೇಕು ಎಂಬ ಸೂಚನೆ ಕನ್ನಡದಲ್ಲಿರಲಿ. ಬೂಟ್ ಪರದೆಯ ಹಿಂದೆ ಒಂದು ಚಿತ್ರ ಹಾಕುವುದು ಈಗಾಗಲೇ ರೂಢಿಯಲ್ಲಿದೆ. ಲಾಂಛನಕ್ಕೆ, ಬಣ್ಣದ ಅಲೆಗಳಿಗೆ ಅಲ್ಲಿ ಜಾಗವಿದೆ. ಅದೇ ಚಿತ್ರದಲ್ಲಿ ಮೊದಲೇ ಬರೆದಿಟ್ಟ ನಾಲ್ಕು ಸಾಲು ಕನ್ನಡ ಹಾಕಿದರೆ ಯಾವ ಒತ್ತಕ್ಷರ ಜೋಡಿಸುವ ತಂತ್ರಾಂಶವೂ ಬೇಕಿಲ್ಲ. ಇದು ಇಷ್ಟು ಸುಲಭವಾಗಿದ್ದೂ ಆಗಿಲ್ಲವೆಂದರೆ, ಕೊರತೆ ಇರುವುದು ತಂತ್ರಜ್ಞಾನದ್ದಲ್ಲ, ಕೇಳುವವರದ್ದು.

ಆ ಕೇಳುವವರು ನಾವೇ ಆಗಬೇಕಿತ್ತು. ಕನ್ನಡ ಸಾಯುತ್ತಿದೆ ಎಂದು ನವೆಂಬರಿನಲ್ಲಿ ಭಾಷಣ ಮಾಡುವ ನಾವು, ಕಂಪ್ಯೂಟರ್ ತಪ್ಪು ತೋರಿಸಿದಾಗ ಮಾತ್ರ ತೆಪ್ಪಗೆ ಇಂಗ್ಲಿಷ್ ಒತ್ತುತ್ತೇವೆ. ಕಥೆ, ಕವಿತೆಗೆ ಕನ್ನಡ ಸಾಕು, ರಿಪೇರಿಗೆ ಬೇಡ ಎಂದು ಒಳಗೊಳಗೇ ಒಪ್ಪಿಕೊಂಡಿದ್ದೇವೆ. ಹೊಗಳುವಾಗ ಬಳಸಿ, ಕಷ್ಟ ಬಂದಾಗ ಬಿಡುವ ಭಾಷೆ ಎಷ್ಟು ದಿನ ಬಾಳುತ್ತದೆ?

ಓದುತ್ತಿರುವ ವಿದ್ಯಾರ್ಥಿಗಳಿಗೆ ನನ್ನದು ಒಂದೇ ಮಾತು. ಮುಂದಿನ ಸಲ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕುವಾಗ ಪರದೆ ಕೆಟ್ಟರೆ, ಸರಿಪಡಿಸುವ ಮೊದಲು ಮೊಬೈಲಿನಲ್ಲಿ ಅದರ ಫೋಟೋ ತೆಗೆಯಿರಿ. ಆ ತಂತ್ರಾಂಶದ ದೋಷ ವರದಿಗೆ ಅದನ್ನು ಸೇರಿಸಿ, ನಾಲ್ಕು ಸಾಲಿನ ಕನ್ನಡ ಸೂಚನೆಯನ್ನೂ ಬರೆದು ಕಳಿಸಿ. ನರಗುಂದದ ಆ ಹುಡುಗಿಯ ಪಕ್ಕದಲ್ಲಿ ಓದಿ ಹೇಳುವವರು ಪ್ರತಿ ಸಲವೂ ಕೂತಿರುವುದಿಲ್ಲ.