ಅಗ್ನಿ ತಪಾಸಣೆಯ ಶುಲ್ಕ: ದರಕ್ಕಿಂತ ಮೊದಲು ಲೆಕ್ಕ ಬೇಕು

ಹಣಕಾಸಿನ ವರ್ಷವು ಮುಗಿಯುತ್ತ ಬಂದಂತೆ ಬೆಳಗಾವಿಯ ವರ್ತಕರೂ ಸಣ್ಣ ಉದ್ದಿಮೆದಾರರೂ ಪರವಾನಿಗೆ ನವೀಕರಣದ ಕಾಗದಪತ್ರಗಳನ್ನು ಹೊಂದಿಸತೊಡಗುತ್ತಾರೆ. ಆಗ ಎಲ್ಲೆಡೆ ಕೇಳಿಬರುವ ಮಾತು ಒಂದೇ: ಶುಲ್ಕ ಹೆಚ್ಚಾಯಿತು, ಇಳಿಸಬೇಕು. ಆ ಶುಲ್ಕಕ್ಕೆ ಪ್ರತಿಯಾಗಿ ಯಾರು ಬಂದು ಏನನ್ನು ಪರಿಶೀಲಿಸಿದರು ಎಂದು ಕೇಳುವವರು ಕಡಿಮೆ. 2024ರ ಆಗಸ್ಟ್ 6ರ ರಾತ್ರಿ ನಗರದ ಹೊರವಲಯದ ನಾವಗೆಯಲ್ಲಿ ಟೇಪ್ ತಯಾರಿಸುವ ಕಾರ್ಖಾನೆಯೊಂದು ಹೊತ್ತಿ ಉರಿದು ಯುವ ಕಾರ್ಮಿಕನೊಬ್ಬನು ಪ್ರಾಣ ಕಳೆದುಕೊಂಡ ಬಳಿಕವಾದರೂ ಈ ಎರಡನೆಯ ಪ್ರಶ್ನೆಯು ಮೊದಲನೆಯದಾಗಬೇಕಾಗಿತ್ತು.

ಇಲ್ಲಿ ಹಣ ಸೇರುವ ಕಚೇರಿ ಒಂದು, ಬೆಂಕಿಯ ಅರಿವಿರುವ ಕಚೇರಿ ಇನ್ನೊಂದು. ವ್ಯಾಪಾರ ಪರವಾನಿಗೆಯನ್ನು ಬೆಳಗಾವಿಯಲ್ಲಿ ಮಹಾನಗರಪಾಲಿಕೆಯು 1976ರ ಅಧಿನಿಯಮದ 353ನೆಯ ಕಲಮಿನಂತೆಯೂ, ಖಾನಾಪುರದಲ್ಲಿ ಪಟ್ಟಣ ಪಂಚಾಯಿತಿಯು 1964ರ ಪುರಸಭೆಗಳ ಅಧಿನಿಯಮದಂತೆಯೂ ನೀಡುತ್ತವೆ. ಅಗ್ನಿ ಸುರಕ್ಷತೆಯ ನಿರಾಕ್ಷೇಪಣಾ ಪತ್ರವಾದರೋ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯದು. ಸಂವಿಧಾನದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯನ್ನು ನಗರಾಡಳಿತಕ್ಕೆ ಒಪ್ಪಿಸಬಹುದಾದ 18 ವಿಷಯಗಳಲ್ಲಿ ಏಳನೆಯದಾಗಿ ಸೇರಿಸಿದ್ದರೂ ಕರ್ನಾಟಕದಲ್ಲಿ ಅದು ರಾಜ್ಯದ ಕೈಯಲ್ಲಿಯೇ ಉಳಿದಿದೆ. ನೆರೆಯ ಕೊಲ್ಹಾಪುರದಲ್ಲಿ ಅಗ್ನಿಶಾಮಕ ದಳವು ಪಾಲಿಕೆಯದೇ. ಯಾವ ವ್ಯವಸ್ಥೆ ಮೇಲು ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಆದರೆ ನಗರಸಂಸ್ಥೆಯು ಅಗ್ನಿ ಸುರಕ್ಷತೆಯ ಹೆಸರಿನಲ್ಲಿ ಶುಲ್ಕ ವಿಧಿಸುವುದಾದರೆ ಆ ಹಣವು ತಪಾಸಣೆ ಮಾಡುವವರ ಬಳಿಗೆ ಹೋಗುವ ದಾರಿಯನ್ನೂ ತೋರಿಸಬೇಕಾಗುತ್ತದೆ.

ಇದು ಹೊಸ ಬೇಡಿಕೆಯೇನಲ್ಲ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿಯೇ ತೆರಿಗೆ ಮತ್ತು ಶುಲ್ಕಗಳ ನಡುವೆ ಗೆರೆ ಎಳೆಯಿತು. ಅಂದಿನ ಮದ್ರಾಸ್ ಸರಕಾರವು ಮಠಗಳ ಆದಾಯದ ಶೇ. 5ರವರೆಗೆ ವಂತಿಗೆ ಪಡೆಯುತ್ತಿತ್ತು. ಆ ಹಣವು ಸಂಚಿತ ನಿಧಿಯಲ್ಲಿ ಬೆರೆತುಹೋಗುತ್ತಿತ್ತು, ಖರ್ಚಿಗೂ ವಸೂಲಿಗೂ ಹೊಂದಾಣಿಕೆ ಇರಲಿಲ್ಲ. ಆದಕಾರಣ ಅದು ಶುಲ್ಕವಲ್ಲ, ತೆರಿಗೆ ಎಂದು ತೀರ್ಪಾಯಿತು. ಮುಂದೆ ನ್ಯಾಯಾಲಯಗಳು ಈ ನಿಯಮವನ್ನು ಸಾಕಷ್ಟು ಸಡಿಲಿಸಿವೆ. ಹೈದರಾಬಾದಿನ ಹೋಟೆಲು ಮಾಲೀಕರ 1999ರ ಪ್ರಕರಣದಲ್ಲಿ, ನಿಯಂತ್ರಣಕ್ಕಾಗಿ ವಿಧಿಸುವ ಪರವಾನಿಗೆ ಶುಲ್ಕಕ್ಕೆ ನೇರ ಪ್ರತಿಫಲ ಬೇಕಿಲ್ಲವೆಂದು ಹೇಳಲಾಯಿತು. ಹೀಗಾಗಿ ನ್ಯಾಯಾಲಯದ ಮೆಟ್ಟಿಲೇರಿ ಶುಲ್ಕ ರದ್ದುಪಡಿಸುವ ಆಸೆಯನ್ನು ವರ್ತಕರು ಹೆಚ್ಚು ಇಟ್ಟುಕೊಳ್ಳದಿರುವುದು ಲೇಸು. ಲೆಕ್ಕ ಕೇಳುವ ಹಕ್ಕು ಮಾತ್ರ ಅದರಿಂದ ಕುಂದುವುದಿಲ್ಲ.

ಅಳತೆಗೋಲಿನ ವಿಷಯ ಇನ್ನೂ ಮುಖ್ಯವಾದುದು. ಅಶ್ವಶಕ್ತಿಯನ್ನೋ ಚದರಡಿಯನ್ನೋ ನೋಡಿ ಶುಲ್ಕ ನಿಗದಿಪಡಿಸುವುದು ಕಚೇರಿಗೆ ಸುಲಭ. ಬೆಂಕಿಗೆ ಆ ಲೆಕ್ಕ ತಿಳಿಯದು. ಉದ್ಯಮಬಾಗದ ಯಂತ್ರಾಗಾರದಲ್ಲಿ ಲೇತುಗಳು, ಮಿಲ್ಲಿಂಗ್ ಯಂತ್ರಗಳು ಸೇರಿ ಅಶ್ವಶಕ್ತಿ ದೊಡ್ಡದಾಗಬಹುದು, ಆದರೆ ಕಬ್ಬಿಣ ಉರಿಯುವುದಿಲ್ಲ. ಪೇಟೆಯ ಓಣಿಯೊಂದರಲ್ಲಿ ಫೋಮ್ ಹಾಸಿಗೆ, ಪ್ಲಾಸ್ಟಿಕ್ ಇಲ್ಲವೆ ಥಿನ್ನರ್ ತುಂಬಿದ ಗೋದಾಮಿಗೆ ಒಂದು ದೀಪ, ಒಂದು ಪಂಖಾ ಸಾಕು, ಅಪಾಯ ಹತ್ತುಪಟ್ಟು. ಖಾನಾಪುರದ ಹೆಂಚಿನ ಭಟ್ಟಿಯಲ್ಲಿ ಹಗಲಿರುಳು ಬೆಂಕಿಯೇ ಕಸುಬು, ಆದರೆ ಸರಕು ಮಣ್ಣು. ಪಕ್ಕದ ಕಟ್ಟಿಗೆ ಅಡ್ಡೆಯಲ್ಲಿ ಕಿಡಿಯೊಂದೇ ಸಾಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವು ಕೈಗಾರಿಕಾ ಕಟ್ಟಡಗಳನ್ನು ಕಡಿಮೆ, ಮಧ್ಯಮ, ಅಧಿಕ ಅಪಾಯವೆಂದು ಮೂರಾಗಿ ವಿಂಗಡಿಸಿದೆ. ಆ ವಿಂಗಡಣೆಯನ್ನೇ ಶುಲ್ಕಪಟ್ಟಿಗೆ ಬಳಸಲು ಅಡ್ಡಿಯಾದರೂ ಏನು?

ಲೆಕ್ಕವೂ ಕಠಿಣವಲ್ಲ. ತಪಾಸಣಾ ಸಿಬ್ಬಂದಿಯ ವೇತನ, ವಾಹನ, ಉಪಕರಣಗಳ ವಾರ್ಷಿಕ ವೆಚ್ಚವನ್ನು ತಪಾಸಣೆಯ ಒಟ್ಟು ತಾಸುಗಳಿಂದ ಭಾಗಿಸಿದರೆ ಒಂದು ತಾಸಿನ ದರ ದೊರೆಯುತ್ತದೆ. ಲೇತ್ ಘಟಕಕ್ಕೆ ಮೂರು ವರ್ಷಕ್ಕೊಮ್ಮೆ ಒಂದು ತಾಸು, ಫೋಮ್ ಗೋದಾಮಿಗೆ ವರ್ಷಕ್ಕೆರಡು ಬಾರಿ ಅರ್ಧ ದಿನ ಎಂದು ನಿಗದಿಯಾದರೆ ಶುಲ್ಕವು ತಾನಾಗಿಯೇ ನ್ಯಾಯವಾಗುತ್ತದೆ. ಬೆಂಕಿ ನಂದಿಸುವ ಖರ್ಚನ್ನು ಇದರಲ್ಲಿ ಸೇರಿಸಕೂಡದು. ಬೆಂಕಿಯು ಗೋಡೆ ಹಾರುತ್ತದೆ. ನಂದಿಸುವುದರಿಂದ ಇಡೀ ಓಣಿ ಉಳಿಯುತ್ತದೆ. ಅದು ಸಾಮಾನ್ಯ ತೆರಿಗೆಯಿಂದಲೇ ನಡೆಯಬೇಕಾದ ಕಾರ್ಯ.

ಮಹಾರಾಷ್ಟ್ರದ 2006ರ ಅಧಿನಿಯಮವು ಅಗ್ನಿ ಉಪಕರಣಗಳು ಸುಸ್ಥಿತಿಯಲ್ಲಿವೆಯೆಂಬ ದೃಢಪತ್ರವನ್ನು ಪರವಾನಿಗೆ ಪಡೆದ ಖಾಸಗಿ ಸಂಸ್ಥೆಯಿಂದ ಪಡೆದು ಜನವರಿ ಮತ್ತು ಜುಲೈಗಳಲ್ಲಿ ಸಲ್ಲಿಸುವಂತೆ ವಿಧಿಸುತ್ತದೆ. ಸರಕಾರದ ಹೊರೆ ತಗ್ಗುತ್ತದೆ ನಿಜ. ಆದರೆ ಯಾರೂ ಬಂದು ನೋಡದೆ ಕೈಸೇರುವ ದೃಢಪತ್ರದ ಬೆಲೆ ಎಷ್ಟೆಂಬುದು ವರ್ತಕರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಇಲ್ಲಿಯೇ ಒಂದು ಸಣ್ಣ ಮಾತು: ಕಾನೂನಿನಂತೆ ಅಗತ್ಯವಾದ ಸುರಕ್ಷತಾ ತಪಾಸಣೆ ಹಾಗೂ ದೃಢೀಕರಣಕ್ಕೆ, ಅಗ್ನಿ ಪರವಾನಿಗೆಯೂ ಸೇರಿದಂತೆ, ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳು ಪಡೆಯುವ ಶುಲ್ಕದ ಮೇಲೆ 2017ರ ಅಧಿಸೂಚನೆ 12ರಂತೆ ಜಿಎಸ್‌ಟಿ ವಿನಾಯಿತಿ ಇದೆ. ಖಾಸಗಿ ಸಂಸ್ಥೆಯ ಬಿಲ್ಲಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಶುಲ್ಕ ಪರಿಷ್ಕರಣೆಯ ಕರಡು ಮುಂದಿನ ಸಲ ಬಂದಾಗ ವರ್ತಕರು ಸಲ್ಲಿಸುವ ಆಕ್ಷೇಪಣೆಯಲ್ಲಿ ರಿಯಾಯಿತಿಯ ಕೋರಿಕೆಗಿಂತ ಮೊದಲು ಮೂರು ಅಂಕಿಗಳ ಬೇಡಿಕೆ ಇರಲಿ: ಹಿಂದಿನ ವರ್ಷ ಸಂಗ್ರಹವಾದ ಶುಲ್ಕವೆಷ್ಟು, ತಪಾಸಣೆಗೆ ಖರ್ಚಾದದ್ದೆಷ್ಟು, ತಪಾಸಣೆಯಾದ ಕಟ್ಟಡಗಳೆಷ್ಟು. ಅದರೊಡನೆ ತಮ್ಮ ಗೋದಾಮಿನ ಹಿಂಬಾಗಿಲ ಮುಂದೆ ಪೇರಿಸಿದ ಪೆಟ್ಟಿಗೆಗಳನ್ನೂ ಅವರು ಆ ದಿನವೇ ತೆಗೆಸಿದರೆ, ತಪಾಸಣೆಗೆ ಬಂದವರೆದುರು ಆ ಬೇಡಿಕೆಗೆ ತೂಕ ಬರುತ್ತದೆ.